ಸೋಪಿನ ಪೊರೆಯನ್ನೇ ಕೇಳಿ ನೋಡಿದೆ

ಒಂದು ಚೌಕದ ನಾಲ್ಕು ಮೂಲೆಯಲ್ಲಿ ನಾಲ್ಕು ಊರುಗಳಿವೆ ಅಂದುಕೊಳ್ಳಿ. ಯಾವ ಊರಿನಿಂದ ಯಾವ ಊರಿಗಾದರೂ ಹೋಗುವಂತಿರಬೇಕು. ಆದರೆ ರಸ್ತೆಯ ಒಟ್ಟು ಉದ್ದ ಆದಷ್ಟು ಕಡಿಮೆ ಇರಬೇಕು. ರಸ್ತೆ ಹೇಗೆ ಹಾಕುತ್ತೀರಿ?

ಅಕ್ಕನ ಮಗಳಿಗೆ ಈ ಲೆಕ್ಕ ಕೊಟ್ಟೆ. ಚೌಕದ ಬದಿ 10 ಸೆಂ.ಮೀ. ಅವಳು ಮೊದಲು ಮೂರು ಬದಿ ಎಳೆದಳು, ಒಟ್ಟು 30. ಅದನ್ನು ಅಳಿಸಿ ಮೂಲೆಯಿಂದ ಮೂಲೆಗೆ ಎರಡು ಅಡ್ಡಗೆರೆ ಹಾಕಿದಳು, 28.28. "ಇದಕ್ಕಿಂತ ಕಡಿಮೆ ಆಗಲ್ಲ, ಅಲ್ವಾ ಮಾಮ?" ಅಂದಳು. ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇತ್ತು. ಹೇಳಲಿಲ್ಲ. ಸೋಪಿನ ನೀರನ್ನೇ ಕೇಳೋಣ ಬಾ ಅಂದೆ.

ಬೇಕಾದದ್ದು ಎರಡು ಪಾರದರ್ಶಕ ಅಕ್ರಿಲಿಕ್ ಹಾಳೆ, ನಾಲ್ಕು ಉದ್ದ ಸ್ಕ್ರೂ, ಕೆಲವು ನಟ್. ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಚೌಕದ ನಾಲ್ಕು ಮೂಲೆಗೆ ತೂತು ಕೊರೆದೆ. ಎರಡೂ ಹಾಳೆಗಳ ನಡುವೆ ಎರಡು ಸೆಂ.ಮೀ. ಜಾಗ ಬಿಟ್ಟು ಸ್ಕ್ರೂ ಬಿಗಿದೆ. ಸ್ಕ್ರೂಗಳೇ ಊರುಗಳು, ಅವುಗಳ ನಡುವೆ ನಿಲ್ಲುವ ಸೋಪಿನ ಪೊರೆಯೇ ರಸ್ತೆ. ಅಗಲವಾದ ಟಬ್ಬಿನಲ್ಲಿ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಜೊತೆಗೆ ಒಂದೆರಡು ಚಮಚ ಗ್ಲಿಸರಿನ್. ಗ್ಲಿಸರಿನ್ ಇದ್ದರೆ ನೀರು ಬೇಗ ಆರುವುದಿಲ್ಲ, ಪೊರೆ ಜಾಸ್ತಿ ಹೊತ್ತು ನಿಲ್ಲುತ್ತದೆ.

ಮೊದಲ ನಾಲ್ಕೈದು ಸಲ ಬರೀ ನೊರೆ. ನೀರನ್ನು ಜೋರಾಗಿ ಕಲಕಿದ್ದೆ, ಅದೇ ತಪ್ಪು. ನೊರೆಯನ್ನೆಲ್ಲ ಕೈಯಲ್ಲಿ ಬಳಿದು ತೆಗೆದು, ಚೌಕಟ್ಟನ್ನು ನಿಧಾನಕ್ಕೆ ಎತ್ತಿದಾಗ ಪೊರೆ ನಿಂತಿತು. ಆದರೆ ನಡುವೆ ಒಂದು ಗುಳ್ಳೆ ಸಿಕ್ಕಿಕೊಂಡಿತ್ತು. ಅದನ್ನು ಒಣಗಿದ ಕಡ್ಡಿಯಿಂದ ಚುಚ್ಚಿ ಒಡೆಯಬೇಕು. ಒದ್ದೆ ಕಡ್ಡಿಯಾದರೆ ಪೊರೆಯೊಳಗೆ ಸುಮ್ನೆ ತೂರಿಕೊಂಡು ಹೋಗುತ್ತದೆ, ಏನೂ ಒಡೆಯುವುದಿಲ್ಲ.

ಗುಳ್ಳೆ ಒಡೆದ ಕ್ಷಣ ಪೊರೆಗಳೆಲ್ಲ ಸರಕ್ಕನೆ ಜಾರಿ ಬೇರೆ ಜಾಗದಲ್ಲಿ ನಿಂತವು. ಮೇಲಿಂದ ನೋಡಿದರೆ ನಡುವೆ ಒಂದು ಗಿಡ್ಡ ಗೆರೆ, ಅದರ ಎರಡೂ ತುದಿಯಲ್ಲಿ ಎರಡೆರಡು ಕವಲು. ಅವಳು ಉಸಿರು ಬಿಗಿಹಿಡಿದು ಮೇಲಿನ ಹಾಳೆಯ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದಳು. ಸ್ಕೇಲಿನಲ್ಲಿ ಅಳೆದರೆ 27.4. ಲೆಕ್ಕ ಹಾಕಿದರೆ 27.32 ಬರುತ್ತದೆ.

ಕವಲು ಒಡೆಯುವಲ್ಲಿ ಕೋನಮಾಪಕ ಇಟ್ಟು ನೋಡಿದೆವು. ಮೂರು ಕಡೆಯೂ 120 ಡಿಗ್ರಿ. ಮೇಲ್ಮೈ ಎಳೆತದಿಂದಾಗಿ ಪ್ರತಿ ಪೊರೆಯೂ ತನ್ನನ್ನು ತಾನೇ ಕುಗ್ಗಿಸಿಕೊಳ್ಳಲು ನೋಡುತ್ತದೆ. ಮೂರು ಪೊರೆ ಒಂದೇ ಬಲದಿಂದ ಮೂರು ಕಡೆಗೆ ಎಳೆದರೆ, ಮೂರು ಕೋನವೂ ಸಮ ಇದ್ದಾಗ ಮಾತ್ರ ಯಾರೂ ಗೆಲ್ಲುವುದಿಲ್ಲ. ಬೆಲ್ಜಿಯಂನ ಭೌತವಿಜ್ಞಾನಿ ಜೋಸೆಫ್ ಪ್ಲಾಟೊ ಈ ನಿಯಮಗಳನ್ನು ಪ್ರಯೋಗದಿಂದ ಕಂಡುಕೊಂಡು 1873ರಲ್ಲಿ ಪ್ರಕಟಿಸಿದರು. ಅಷ್ಟು ಹೊತ್ತಿಗೆ ಅವರಿಗೆ ಕಣ್ಣು ಹೋಗಿ ವರ್ಷಗಳೇ ಆಗಿದ್ದವು. ಇದಕ್ಕೆ ಗಣಿತದ ಪುರಾವೆ ಕೊಟ್ಟವರು ಅಮೆರಿಕದ ಗಣಿತಜ್ಞೆ ಜೀನ್ ಟೇಲರ್, 1976ರಲ್ಲಿ. ನಡುವೆ ನೂರಕ್ಕೂ ಹೆಚ್ಚು ವರ್ಷ!

ಚೌಕದ ಕಥೆ ಇಷ್ಟು. ನನ್ನ ತಿಳಿವಳಿಕೆ ಬದಲಾದದ್ದು ಆಮೇಲೆ, 12 ಸೆಂ.ಮೀ. ಉದ್ದ 10 ಸೆಂ.ಮೀ. ಅಗಲದ ಚೌಕಟ್ಟು ಮಾಡಿದಾಗ. ಒಂದು ಸಲ ಎತ್ತಿದರೆ ನಡುವಿನ ಗೆರೆ ಉದ್ದಕ್ಕೆ ಬಂತು. ಇನ್ನೊಂದು ಸಲ ಸ್ವಲ್ಪ ವಾಲಿಸಿ ಎತ್ತಿದೆ, ಗೆರೆ ಅಡ್ಡಕ್ಕೆ ಬಂತು. ಎರಡೂ ಗಟ್ಟಿಯಾಗಿ ನಿಂತವು. ಎರಡರಲ್ಲೂ 120 ಡಿಗ್ರಿಯೇ. ಆದರೆ ಮೊದಲಿನದು 29.32, ಎರಡನೆಯದು 30.78.

"ಸೋಪಿಗೆ ಲೆಕ್ಕ ತಪ್ಪಿತಾ?" ಅಂದಳು. ಸೋಪಿನ ಪೊರೆ ಯಾವಾಗಲೂ ಅತಿ ಗಿಡ್ಡ ದಾರಿಯನ್ನೇ ಹುಡುಕುತ್ತದೆ ಅಂತ ನಾನು ಎಷ್ಟೋ ಜನರಿಗೆ ಹೇಳಿದ್ದೆ. ಅದು ತಪ್ಪು. ಗುಡ್ಡದಿಂದ ಉರುಳಿದ ಕಲ್ಲು ಹತ್ತಿರದ ಹಳ್ಳದಲ್ಲಿ ನಿಂತುಬಿಡುತ್ತದೆ, ಪಕ್ಕದಲ್ಲಿ ಇನ್ನೂ ಆಳದ ಹಳ್ಳ ಇದ್ದರೂ. ಪೊರೆಯೂ ಹಾಗೆಯೇ. ಆಮೇಲೆ ಸ್ಟ್ರಾ ಹಿಡಿದು ನಡುವಿನ ಗಿಡ್ಡ ಪೊರೆಯ ಮೇಲೆ ಮೆಲ್ಲಗೆ ಊದಿದೆ. ಅದು ಕುಗ್ಗಿ ಕುಗ್ಗಿ ಚುಕ್ಕೆಯಾಯಿತು. ನಾಲ್ಕು ಪೊರೆ ಒಂದು ಕ್ಷಣ ಒಂದೇ ಕಡೆ ಸೇರಿದವು. ಆಮೇಲೆ ಟಕ್ಕನೆ ಇನ್ನೊಂದು ದಿಕ್ಕಿಗೆ ತೆರೆದುಕೊಂಡು 29.32ರ ಆಕಾರಕ್ಕೆ ಬಂತು. ಆ ಒಂದು ಕ್ಷಣ ನೋಡುವುದಕ್ಕೇ ಇಬ್ಬರೂ ಇಪ್ಪತ್ತು ಸಲವಾದರೂ ಮಾಡಿರಬೇಕು.

ವಿನ್ಯಾಸ ಮಾಡುವವರಿಗೂ ಇದು ಆಟವಲ್ಲ. ಜರ್ಮನಿಯ ವಾಸ್ತುಶಿಲ್ಪಿ ಫ್ರೈ ಓಟ್ಟೊ ಡೇರೆಯಂಥ ಚಾವಣಿಗಳಿಗೆ ಆಕಾರ ಹುಡುಕಲು ಸೋಪಿನ ಪೊರೆಗಳನ್ನೇ ಬಳಸುತ್ತಿದ್ದರು. ಪೊರೆಯಲ್ಲಿ ಎಳೆತ ಎಲ್ಲ ಕಡೆಯೂ ಸಮ ಇರುತ್ತದೆ, ಬಟ್ಟೆಯ ಚಾವಣಿಗೂ ಬೇಕಾದದ್ದು ಅದೇ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಚಾವಣಿ ರೂಪಿಸಿದವರಲ್ಲಿ ಅವರೂ ಒಬ್ಬರು.

ಈಗ ಐದು ಸ್ಕ್ರೂ ಹಾಕಿದ್ದೇವೆ. ನಿಯಮ ಒಂದೇ: ಮುಳುಗಿಸುವ ಮೊದಲು ಪೊರೆ ಹೇಗೆ ಬರುತ್ತದೆ ಅಂತ ಇಬ್ಬರೂ ಕಾಗದದ ಮೇಲೆ ಬರೆದಿಡಬೇಕು. ಕವಲು ಮೂರು ಬರುತ್ತವೆ ಅಂತ ಇಬ್ಬರೂ ಬರೆದಿದ್ದೆವು, ಮೂರೇ ಬಂದವು. ಎಲ್ಲಿ ಬರುತ್ತವೆ ಅನ್ನುವುದನ್ನು ಮಾತ್ರ ಅವಳೇ ಸರಿಯಾಗಿ ಬರೆದಿದ್ದಳು.