ರೈಟ್ರು ಬಂದ್ರು, ರೈಟ್ರು ಬಂದ

"ಒಂದು ಹಾರ್ಟ್ ಸಿಂಬಲ್ ಹಾಕ್ಬಿಡಿ, ಇಲ್ಲಾಂದ್ರೆ ಆಡೋರಿಗೆ ಏನೂ ಗೊತ್ತಾಗಲ್ಲ." ನಾನು ಮಾಡಿದ ವಿಡಿಯೋ ಗೇಮಿನಲ್ಲಿ ಯಾವ ಪಾತ್ರಕ್ಕೆ ಆಡುವವರ ಮೇಲೆ ಎಷ್ಟು ಒಲವಿದೆ ಅಂತ ತೋರಿಸಲಿಕ್ಕೆ ಈ ಮಾತನ್ನು ನನಗೆ ಕನಿಷ್ಠ ಆರು ಜನ ಹೇಳಿದ್ದಾರೆ. ಅದರಲ್ಲಿ ಇಬ್ಬರು ಬೆಂಗಳೂರಿನ ಸ್ಟುಡಿಯೋದಲ್ಲಿ ಇದೇ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುವವರು, ಒಬ್ಬ ನನ್ನ ಸ್ವಂತ ತಮ್ಮ. ಆಟ ಹೊರಬಂದು ಹತ್ತು ತಿಂಗಳಾಯಿತು. ಹಾರ್ಟ್ ಇಲ್ಲ, ಮೀಟರ್ ಇಲ್ಲ, ಅಂಕಿ ಇಲ್ಲ. ಆಡಿದವರಿಗೆ ಗೊತ್ತಾಗಿದೆ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಆಟದಲ್ಲಿ ನೀವು ಕೊಡಗಿನ ಒಂದು ಕಾಫಿ ತೋಟಕ್ಕೆ ಹೊಸದಾಗಿ ಸೇರಿದ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವವರು. ಕತ್ತಿಯಿಲ್ಲ, ಮಂತ್ರವಿಲ್ಲ, ಕಂಕುಳಲ್ಲಿ ಒಂದು ಹಾಜರಿ ಪುಸ್ತಕ. ಜೂನ್ ಮಳೆಯಿಂದ ಕೊಯ್ಲು ಮುಗಿಯುವವರೆಗೆ ಆಳುಗಳಿರುವ ಲೈನ್ ಮನೆ, ಕಣ, ಗೋಡೌನ್, ಸಾವ್ಕಾರ್ರ ಬಂಗಲೆ, ಇಷ್ಟರೊಳಗೇ ಓಡಾಟ. ಶನಿವಾರ ಬಟವಾಡೆ, ಕೂಲಿ ಕೊಡುವ ದಿನ. ಮಳೆಗೆ ಅರ್ಧಕ್ಕೇ ಕೆಲಸ ಬಿಟ್ಟವರಿಗೆ ಅರ್ಧ ದಿನ ಬರೆಯುತ್ತೀರೋ ಪೂರ್ತಿ ಬರೆಯುತ್ತೀರೋ, ಯುದ್ಧ ಅಂತ ಇದ್ದರೆ ಅದೇ.

ಪಾತ್ರಗಳಿಗೆ ನಮ್ಮ ಮೇಲೆ ಎಷ್ಟು ಒಲವಿದೆ ಅಂತ ತೋರಿಸುವ ಪದ್ಧತಿ ನಿಮಗೆ ಗೊತ್ತಿದ್ದದ್ದೇ. ಬಾಲ್ಡರ್ಸ್ ಗೇಟ್ 3 ಅನ್ನುವ ಆಟದಲ್ಲಿ ಇಂಥವರು ಮೆಚ್ಚಿದರು, ಇಂಥವರಿಗೆ ಹಿಡಿಸಲಿಲ್ಲ ಅಂತ ಮೂಲೆಯಲ್ಲಿ ಬರಹ ಮೂಡುತ್ತದೆ. 2009ರ ಡ್ರ್ಯಾಗನ್ ಏಜ್: ಒರಿಜಿನ್ಸ್‌ನಲ್ಲಿ ಉಡುಗೊರೆ ಕೊಟ್ಟು ಕೊಟ್ಟೇ ಪ್ರೀತಿ ಏರಿಸಬಹುದಿತ್ತು. ನನ್ನ ಮೊದಲ ಆವೃತ್ತಿಯಲ್ಲೂ ಮೀಟರ್ ಇತ್ತು. ತಮ್ಮ ಎರಡೇ ಗಂಟೆಯಲ್ಲಿ ಮೇಸ್ತ್ರಿಗೆ ಬೀಡಿ ಕಟ್ಟು ಕೊಟ್ಟೂ ಕೊಟ್ಟೂ ನೂರಕ್ಕೆ ನೂರು ಮಾಡಿಕೊಂಡ. ಆಮೇಲೆ ಅವನು ಮೇಸ್ತ್ರಿಯ ಒಂದು ಮಾತನ್ನೂ ಓದಲಿಲ್ಲ, ಮೀಟರ್ ನೋಡಿಕೊಂಡು ಬಟನ್ ಒತ್ತುತ್ತಾ ಹೋದ. ಆವತ್ತೇ ಮೀಟರ್ ಕಿತ್ತೆ.

ಬದಲಿಗೆ ಏನು ಅನ್ನುವುದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ನಮ್ಮಪ್ಪ ಸುಂಟಿಕೊಪ್ಪ ಕಡೆಯ ತೋಟವೊಂದರಲ್ಲಿ ರೈಟರ್ ಆಗಿದ್ದವರು. ಒಂದು ಬಟವಾಡೆ ದಿನ ಗೋಡೌನ್ ಹಿಂದೆ ಕಾಲಿಗೆ ಹತ್ತಿದ ಇಂಬಳ ಕೀಳುತ್ತಾ ಕೂತಿದ್ದೆ. ಗೋಡೆಯ ಆಚೆ ಹೆಂಗಸೊಬ್ಬರು "ರೈಟ್ರು ಬಂದ" ಅಂದರು. ಅರ್ಧ ನಿಮಿಷಕ್ಕೆ ಅದೇ ದನಿ "ಬನ್ನಿ ರೈಟ್ರೇ" ಅಂತು. ಎದುರಿಗೆ ಬನ್ನಿ, ಬೆನ್ನಿಗೆ ಬಂದ. ಯಾವ ಮೀಟರೂ ಇದಕ್ಕಿಂತ ಸರಿಯಾಗಿ ತೋರಿಸಲಾರದು.

ಹಾಗಾಗಿ ಕರೆಯುವ ಮಾತನ್ನೇ ಮೆಟ್ಟಿಲು ಮಾಡಿದೆ. 14 ಪಾತ್ರ, ತಲಾ ಏಳು ಮೆಟ್ಟಿಲು. ಅದೂ ಎದುರಿಗೆ ಒಂದು ಲೆಕ್ಕ, ಬೆನ್ನ ಹಿಂದೆ ಇನ್ನೊಂದು. ಕಿಟಕಿ ಪಕ್ಕ, ನಲ್ಲಿ ಹತ್ತಿರ, ಟೀ ಅಂಗಡಿ ಬೆಂಚಿನಲ್ಲಿ ಸುಮ್ಮನೆ ನಿಂತರೆ ನಿಮ್ಮ ಬಗ್ಗೆ ಆಡುವುದು ಕೇಳಿಸುತ್ತದೆ.

ಕಾಗದದ ಮೇಲೆ ಇದೆಲ್ಲ ಚೆನ್ನಾಗಿತ್ತು. ಆರ್‌ಪಿಜಿ ಮೇಕರ್ ಎಂವಿ ಅನ್ನುವ, ಆಟ ಕಟ್ಟುವ ಸಾಫ್ಟ್‌ವೇರಿನಲ್ಲಿ ಶುರು ಮಾಡಿದ್ದು ಮೊದಲ ತಪ್ಪು. ಅದು ಅಕ್ಷರ ಒಂದೊಂದಾಗಿ ಬರೆಯುತ್ತದೆ, ಒತ್ತಕ್ಷರ ಅಂದರೆ ಅದಕ್ಕೆ ದೇವರಾಣೆಗೂ ಗೊತ್ತಿಲ್ಲ. ಮೇಸ್ತ್ರಿ ಪರದೆ ಮೇಲೆ "ಮೇಸ್‌ತ್‌ರಿ" ಆದ. ಎಂಟು ತಿಂಗಳು ಪ್ಲಗಿನ್ ಬರೆದು ಬರೆದು ಕೈಬಿಟ್ಟೆ. 2023ರ ಮಾರ್ಚ್‌ನಲ್ಲಿ ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಗೋಡೋ 4 ಬಂತು, ಒತ್ತಕ್ಷರ ಸರಿಯಾಗಿ ಕೂಡಿಸುವ ಹಾರ್ಫ್‌ಬಜ್ ಒಳಗೇ ಇತ್ತು, ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿದೆ, ಮೇಸ್ತ್ರಿ ಮೇಸ್ತ್ರಿಯಾದ. ಟೈಪ್‌ರೈಟರ್ ಎಫೆಕ್ಟ್, ಅಂದರೆ ಅಕ್ಷರ ಒಂದೊಂದಾಗಿ ಮೂಡುವಂತೆ, ಹಾಕಿದರೆ ಮತ್ತೆ ಅದೇ ಗೋಳು, ಸ್ತ್ರಿ ಮೂಡುವ ಮೊದಲು ಸ, ಸ್, ಸ್ತ, ಸ್ತ್, ಸ್ತ್ರ ಅಂತ ಐದು ಸಲ ಕುಣಿಯುತ್ತದೆ. ಸೆಟ್ಟಿಂಗ್‌ನಲ್ಲಿ ದಾರಿ ಇದೆ, ನಾನು ಅದಕ್ಕೂ ಹೋಗಲಿಲ್ಲ. ಮಾತು ಪದ ಪದವಾಗಿ ಬರುವಂತೆ ಮಾಡಿದೆ. ಕನ್ನಡ ಕೇಳುವ ಲಯಕ್ಕೂ ಅದೇ ಹೊಂದುತ್ತದೆ. ಸಾಲುಗಳ ನಡುವೆ ಜಾಗ ಮಾತ್ರ ಧಾರಾಳವಾಗಿ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತದೆ.

ಎರಡನೇ ಸೋಲು ಇನ್ನೂ ದೊಡ್ಡದು. ಸುಮಾರು ಎರಡು ಸಾವಿರ ಮಾತು, ಏಳು ಮೆಟ್ಟಿಲಿಗೂ ಕೈಯಲ್ಲಿ ಬರೆದರೆ 14 ಸಾವಿರ. ಆಗದ ಕೆಲಸ. ಮಾತಿನಲ್ಲಿ ಖಾಲಿ ಜಾಗ ಬಿಟ್ಟು, ಕರೆಯುವ ಪದವನ್ನೂ ಕ್ರಿಯಾಪದವನ್ನೂ ಮೆಟ್ಟಿಲಿಗೆ ತಕ್ಕಂತೆ ಕೋಡೇ ತುಂಬಲಿ ಅಂದುಕೊಂಡೆ. ಹೋಗು, ಹೋಗಿ, ನೋಡು, ನೋಡಿ, ಕೊನೆಗೆ ಒಂದು 'ಇ' ಸೇರಿಸಿದರಾಯಿತು ಅಂತ ರೂಲ್ ಬರೆದು ಮಲಗಿದೆ. ಬೆಳಿಗ್ಗೆ ಎದ್ದು ಆಡಿದರೆ ಮೇಸ್ತ್ರಿ ಕೈ ಮುಗಿದು "ಬಾಯಿ ರೈಟ್ರೇ" ಅನ್ನುತ್ತಿದ್ದಾನೆ. ಮುಂದಿನ ಸಾಲಿನಲ್ಲಿ "ಚೀಟಿ ತಾಯಿ." ತಂಗಿ ನಕ್ಕು ನಕ್ಕು ಸುಸ್ತಾದಳು. ರೂಲ್ ಬಿಸಾಡಿ ಸುಮಾರು 160 ಕ್ರಿಯಾಪದಗಳ ಪಟ್ಟಿಯನ್ನು ಕೈಯಲ್ಲೇ ಮಾಡಿದೆ. ಒಂದು ಮಳೆಗಾಲ ಪೂರ್ತಿ ಹೋಯಿತು. ಶಾರ್ಟ್‌ಕಟ್ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮೂರನೆಯದು ಕೋಡಿನ ತಪ್ಪಲ್ಲ, ನನ್ನ ತಪ್ಪು. 'ನೀನು' ಅಂದರೆ ಕೆಳಗಿನ ಮೆಟ್ಟಿಲು ಅಂತ ಇಟ್ಟಿದ್ದೆ. ಆಡಿದವರು ಗೊಂದಲಕ್ಕೆ ಬಿದ್ದರು. ಲೈನ್ ಮನೆಯ ಅಜ್ಜಿ "ಬಾ ಮಗಾ" ಅಂದರೆ ಅದು ತುತ್ತತುದಿ, ಮೇಸ್ತ್ರಿ "ಬಾರಯ್ಯ" ಅಂದರೆ ಅದು ಪಾತಾಳ. ಎರಡೂ 'ಬಾ'ನೇ. ಅಣ್ಣ, ಮಗಾ, ಅಯ್ಯ ಇವು ಕೂಡಿದಾಗ ಮಾತ್ರ ಅರ್ಥ ತಿರುಗುತ್ತದೆ. ಮೆಟ್ಟಿಲು ಕಳಚಿ ಎರಡು ಕವಲು ಮಾಡಿದೆ, ಒಂದು ಸಲಿಗೆಯದು, ಇನ್ನೊಂದು ಅಸಡ್ಡೆಯದು.

ಆಮೇಲೂ ಬಂಗಲೆಯ ದೃಶ್ಯಗಳು ಮಾತ್ರ ಸಪ್ಪೆಯಾಗಿಯೇ ಇದ್ದವು. ಅಪ್ಪನ ಕಾಲದ ಮೇಸ್ತ್ರಿಯೊಬ್ಬರು, ಎಪ್ಪತ್ತು ದಾಟಿದವರು, ಜುಲೈಯಲ್ಲಿ ಮನೆಗೆ ಬಂದಿದ್ದಾಗ ಲ್ಯಾಪ್‌ಟಾಪ್ ಮುಂದೆ ಕೂರಿಸಿದೆ. ಅವರು ಮೌಸ್ ಮುಟ್ಟಲಿಲ್ಲ, ನಾನು ಒತ್ತುತ್ತಿದ್ದೆ, ಅವರು ಓದುತ್ತಿದ್ದರು. ಸಾವ್ಕಾರ್ರ ದೃಶ್ಯ ಬಂದಾಗ ಕನ್ನಡಕ ತೆಗೆದರು.

"ಇದೇನು ಮಗಾ, ಸಾವ್ಕಾರ್ರಿಗೆ 'ನೀವು' ಅಂತ ಬರೆದಿದ್ದಿ?"

"ಮತ್ತೆ? ಮರ್ಯಾದೆ ಕೊಟ್ಟದ್ದಲ್ವಾ ಮೇಸ್ತ್ರಿಯಣ್ಣ?"

"ನಾವು ಯಾವತ್ತು 'ನೀವು' ಅಂದೆವು? 'ಸಾವ್ಕಾರ್ರು ಹೇಳಿದ್ರೆ ಮಾಡುವ' ಅಂತ, ಅಷ್ಟೆ. ನೀವು ಅನ್ಲಿಕ್ಕೂ ಒಂದು ಧೈರ್ಯ ಬೇಕು."

ಎಂಟನೇ ಮೆಟ್ಟಿಲು ಹೀಗೆ ಸಿಕ್ಕಿತು: ಎದುರಿಗೇ ನಿಂತು, ಎದುರಿಗಿಲ್ಲದವರ ಬಗ್ಗೆ ಆಡಿದಂತೆ ಆಡುವುದು. ಆಟದ ಕೊನೆಯಲ್ಲಿ ಕೆಲಸದಾಳು ಒಬ್ಬಳು ಸಾವ್ಕಾರ್ರಿಗೆ ಮೊದಲ ಸಲ "ನೀವು ಹೇಳಿದ್ದು ತಪ್ಪು" ಅನ್ನುತ್ತಾಳೆ. ಹೊಡೆದಾಟ, ಕಣ್ಣೀರು ಏನೂ ಇಲ್ಲ, ಒಂದು 'ನೀವು' ಮಾತ್ರ. ಆಡಿದವರು ನನಗೆ ಬರೆದ ಹತ್ತು ಪತ್ರಗಳಲ್ಲಿ ಏಳೆಂಟು ಆ ಒಂದು ಸಾಲಿನ ಬಗ್ಗೆ. ಹಾರ್ಟ್ ಹಾಕಿ ಅಂದಿದ್ದ ಸ್ಟುಡಿಯೋದವರೊಬ್ಬರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಮೇಸ್ತ್ರಿ ನಂಗೆ 'ಏನಯ್ಯಾ' ಅಂದ್ಬಿಟ್ಟ ಕಣ್ರೀ, ಏನ್ ಮಾಡ್ಲಿ ಈಗ" ಅಂದರು. ಹೇಳಲಿಲ್ಲ.

ನಿಮಗೂ ಪೂರ್ತಿ ಹೇಳುವುದಿಲ್ಲ. ಹತ್ತುವುದು ಬಟವಾಡೆ ದಿನ ಮಾತ್ರ, ಇಳಿಯುವುದು ಯಾವತ್ತು ಬೇಕಾದರೂ, ಇಷ್ಟು ಸಾಕು. ಎದುರಿನ ಲೆಕ್ಕಕ್ಕೂ ಬೆನ್ನ ಹಿಂದಿನ ಲೆಕ್ಕಕ್ಕೂ ನಡುವೆ ಎಷ್ಟು ದಿನದ ಅಂತರ ಇಟ್ಟಿದ್ದೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ದುಡ್ಡಿನ ವಿಷಯ. ಮೊದಲ ಚಿತ್ರಗಾರ 12 ಸಾವಿರ ಮುಂಗಡ ತೆಗೆದುಕೊಂಡು ಎರಡು ಸ್ಕೆಚ್ ಕಳಿಸಿ ಮಾಯವಾದ. ಎರಡನೆಯವರು ಒಂದು ಮುಖಕ್ಕೆ 2 ಸಾವಿರದಂತೆ 28 ಸಾವಿರ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ, ಇನ್ವರ್ಟರ್ ಬ್ಯಾಟರಿಗೆ 22 ಸಾವಿರ. ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಕಟ್ಟಿದ ನೂರು ಡಾಲರ್, ಎಂಟು ಸಾವಿರ ಚಿಲ್ಲರೆ. ಮೈಕ್ 6 ಸಾವಿರ. ಒಟ್ಟು 75-80 ಸಾವಿರ ಹೋಗಿದೆ. 199 ರೂಪಾಯಿಯಂತೆ 400 ಪ್ರತಿ ಹೋಗಿರಬಹುದು, ಸ್ಟೀಮ್ ತನ್ನ ಮೂವತ್ತು ಪರ್ಸೆಂಟ್ ಹಿಡಿದುಕೊಂಡ ಮೇಲೆ ಕೈಗೆ ಬಂದದ್ದು 50 ಸಾವಿರದ ಆಸುಪಾಸು. ಲಾಭ ಅಂತ ಹೇಳಲಾರೆ, ನನ್ನ ನಾಲ್ಕು ಗಿಡ ಕಾಳುಮೆಣಸಿಗಿಂತ ಮೋಸವಿಲ್ಲ.

ಮೈಕ್ ಕೊಂಡದ್ದು ಶೀಟಿನ ಮೇಲೆ ಬೀಳುವ ಮಳೆ ಹಿಡಿಯಲಿಕ್ಕೆ. ಹಂಚು, ಶೀಟು, ಬಾಳೆಲೆ, ಪ್ಲಾಸ್ಟಿಕ್ ಗೊರಬೆ, ಎಲ್ಲದರ ಮೇಲೂ ಹಿಡಿದೆ. ಇಯರ್‌ಫೋನಿನಲ್ಲಿ ಶೀಟಿನ ಮಳೆ ಕಡಲೆ ಹುರಿದಂತೆ ಕೇಳಿಸಿತು. ಕೊನೆಗೆ ಬಳಸಿದ್ದು ಬಾಳೆಲೆಯದು. ಟೀ ಅಂಗಡಿಯವನಿಗೆ ನಮ್ಮ ಕಡೆಯ ಅರೆಭಾಷೆ ಕೊಟ್ಟು ನೋಡಿದ್ದೂ ಉಂಟು. ಮಡಿಕೇರಿಯವರು ಕುಣಿದಾಡಿದರು, ಹುಬ್ಬಳ್ಳಿಯ ಗೆಳೆಯ ಸಬ್‌ಟೈಟಲ್ ಕೇಳಿದ. ಸದ್ಯಕ್ಕೆ ಮೂರು ಮಾತು ಮಾತ್ರ ಉಳಿದಿವೆ.

ಈಗ ಬೇರೆ ಭಾಷೆಗೆ ಮಾಡಿ ಅನ್ನುವ ಒತ್ತಾಯ. ಇಂಗ್ಲಿಷಿಗೆ ಬಂದ್ರು, ಬಂದ ಎರಡೂ ಒಂದೇ, ಅಲ್ಲಿಗೆ ಆಟವೇ ಮುಗಿಯಿತು. ವಿರಾಜಪೇಟೆಯ ಗೆಳೆಯ ಮಲಯಾಳಂಗೆ ತಾನೇ ಮಾಡಿಕೊಡುತ್ತೇನೆ ಅಂತ ಕೂತ, ಮೂರನೇ ದಿನಕ್ಕೆ "ಮಾರಾಯಾ, ನಮ್ಮಲ್ಲಿ ಎಲ್ಲರೂ 'ವನ್ನು' ಅಲ್ವಾ" ಅಂತ ತಲೆ ಕೆರೆದುಕೊಂಡ. ತಮಿಳಿನಲ್ಲಿ ವಂದಾನ್, ವಂದಾರ್ ಇದೆ. ಒಬ್ಬರು ಪದಕ್ಕೆ ಒಂದು ರೂಪಾಯಿ ಕೇಳಿದ್ದಾರೆ, ನಾನು ಎಪ್ಪತ್ತು ಪೈಸೆಗೆ ನಿಂತಿದ್ದೇನೆ. ನಿನ್ನೆಯವರೆಗೆ "ಸಾರ್" ಅನ್ನುತ್ತಿದ್ದವರು ಇವತ್ತು ಬೆಳಿಗ್ಗೆಯ ಮೆಸೇಜಿನಲ್ಲಿ "ಬ್ರೋ" ಅಂದಿದ್ದಾರೆ.