ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ಹಾರಾಟದ ದೂರ ಮತ್ತು ಅವಧಿಯನ್ನು ಲೆಕ್ಕ ಹಾಕುವ ಬಗೆ

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ನಡುವಿನ ದೂರವನ್ನು ಗೋಡೆಯ ಭೂಪಟದ ಮೇಲೆ ಅಳೆಯಲು ಹೋಗಬಾರದು. ಚಪ್ಪಟೆ ಹಾಳೆಯಲ್ಲಿ ನೇರವಾಗಿ ಕಾಣುವ ಗೆರೆ ದುಂಡಗಿನ ಭೂಮಿಯ ಮೇಲೆ ಸುತ್ತುದಾರಿಯಾಗಿರುತ್ತದೆ. ಗೋಳವೊಂದರ ಮೇಲೆ ಈ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದರೆ, ಅದು ನೇಪಾಳದ ಹಿಮಾಲಯವನ್ನು ದಾಟಿ, ಸೈಬೀರಿಯಾದ ಉತ್ತರ ಅಂಚಿನಲ್ಲಿ ಸುಮಾರು 71 ಡಿಗ್ರಿ ಅಕ್ಷಾಂಶದವರೆಗೆ ಏರಿ, ಅಲಾಸ್ಕಾದ ಮೇಲೆ ಹಾದು ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ.

ಮೊದಲು ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ ಮತ್ತು ರೇಖಾಂಶಗಳನ್ನು ಬರೆದುಕೊಳ್ಳಿ. ಕೆಂಪೇಗೌಡ ನಿಲ್ದಾಣ 13.20 ಡಿಗ್ರಿ ಉತ್ತರ, 77.71 ಡಿಗ್ರಿ ಪೂರ್ವದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ 37.62 ಡಿಗ್ರಿ ಉತ್ತರ, 122.38 ಡಿಗ್ರಿ ಪಶ್ಚಿಮದಲ್ಲಿದೆ. ಗೋಳದ ತ್ರಿಕೋನಮಿತಿಯ ಸೂತ್ರಕ್ಕೆ ಇವನ್ನು ಹಾಕಿದಾಗ ಭೂಕೇಂದ್ರದಲ್ಲಿ 125.8 ಡಿಗ್ರಿಯ ಕೋನ ಸಿಗುತ್ತದೆ. ಒಂದು ಡಿಗ್ರಿಗೆ 111.2 ಕಿಲೋಮೀಟರಿನಂತೆ ಗುಣಿಸಿದರೆ ದೂರ ಸುಮಾರು 13,990 ಕಿಲೋಮೀಟರ್ ಆಗುತ್ತದೆ. ಸೂತ್ರ ಬೇಡವೆನ್ನುವವರಿಗೆ ಇದೇ ಕೆಲಸವನ್ನು ಮಾಡಿಕೊಡುವ ಜಾಲತಾಣಗಳು ಧಾರಾಳವಾಗಿವೆ.

ದೂರಕ್ಕಿಂತ ಅವಧಿಯ ಲೆಕ್ಕ ತೊಡಕಿನದು. ಗಂಟೆಗೆ 900 ಕಿಲೋಮೀಟರಿನಂತೆ ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ರನ್‌ವೇವರೆಗಿನ ಓಡಾಟ, ಏರುವಿಕೆ ಮತ್ತು ಇಳಿಯುವಿಕೆಗೆಂದು ಅರ್ಧ ಗಂಟೆ ಸೇರಿಸಿದರೆ ಹದಿನಾರು. ಆದರೆ ಇದು ಗಾಳಿಯೇ ಇಲ್ಲದ ಆಕಾಶದ ಲೆಕ್ಕ. ಎತ್ತರದ ಜೆಟ್ ಪ್ರವಾಹಗಳು ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ, ಅವುಗಳ ಬೆಂಬಲ ಪಡೆಯಲು ಅಥವಾ ಅವುಗಳಿಂದ ತಪ್ಪಿಸಿಕೊಳ್ಳಲು ವಿಮಾನ ಉದ್ದದ ದಾರಿಯನ್ನೇ ಆರಿಸಿಕೊಳ್ಳುವುದುಂಟು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನವನ್ನು ತಂದಾಗ ಉತ್ತರ ಧ್ರುವದ ಮೇಲಿನಿಂದಲೇ ಹಾರಿದ್ದರು. ಅತಿ ಹತ್ತಿರದ ಗೆರೆ ಅಷ್ಟು ಉತ್ತರಕ್ಕೆ ಹೋಗುವುದೇ ಇಲ್ಲ ಎಂಬುದನ್ನು ಗಮನಿಸಬೇಕು. ಇದರ ಮೇಲೆ ವಾಯುಪ್ರದೇಶದ ನಿರ್ಬಂಧಗಳೂ ಇರುತ್ತವೆ: 2022ರಿಂದ ಅಮೆರಿಕದ ವಿಮಾನ ಸಂಸ್ಥೆಗಳಿಗೆ ರಷ್ಯಾದ ಆಕಾಶ ಮುಚ್ಚಿದೆ. ಆದ್ದರಿಂದ ನೇರ ಹಾರಾಟಕ್ಕೆ ಹದಿನಾರರಿಂದ ಹದಿನೆಂಟು ಗಂಟೆ ಎಂದು ಇಟ್ಟುಕೊಳ್ಳುವುದು ವಾಸಿ.

ಟಿಕೆಟ್ಟಿನಲ್ಲಿರುವ ಹೊರಡುವ ಮತ್ತು ತಲುಪುವ ವೇಳೆಗಳು ಆಯಾ ಊರಿನವು; ಅವನ್ನು ಹಾಗೆಯೇ ಕಳೆದರೆ ಅವಧಿ ಸಿಗುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಮಾರ್ಚಿನ ಎರಡನೆಯ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ಈ ಅಂತರ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ. ಚಳಿಗಾಲದ ಸೋಮವಾರ ಮಧ್ಯಾಹ್ನ 2 ಗಂಟೆಗೆ ಬೆಂಗಳೂರು ಬಿಟ್ಟು ಹದಿನಾರು ಗಂಟೆ ಹಾರಿದವರು ಅಲ್ಲಿ ಅದೇ ಸೋಮವಾರ ಸಂಜೆ 4.30ಕ್ಕೆ ಇಳಿಯುತ್ತಾರೆ. ಶನಿವಾರ ರಾತ್ರಿ 9ಕ್ಕೆ ಅಲ್ಲಿಂದ ಹೊರಟು ಹದಿನೇಳೂವರೆ ಗಂಟೆ ಹಾರಿದವರು ಇಲ್ಲಿಗೆ ಬರುವುದು ಸೋಮವಾರ ಬೆಳಗಿನ ಜಾವ 4ಕ್ಕೆ. ಕರೆತರಲು ಬರುವವರು ಭಾನುವಾರವೇ ನಿಲ್ದಾಣಕ್ಕೆ ಹೋಗಿ ಕಾಯುವುದು ಈ ಲೆಕ್ಕ ತಪ್ಪಿದಾಗಲೇ.

ನೇರ ವಿಮಾನ ಸಿಗದಿದ್ದರೆ ಪ್ರತಿ ಹಂತವನ್ನೂ ಬೇರೆಬೇರೆಯಾಗಿ ಅಳೆದು ಕೂಡಿಸಿ. ಫ್ರಾಂಕ್‌ಫರ್ಟ್ ಮೂಲಕ ಹೋದರೆ ಒಟ್ಟು ಸುಮಾರು 16,550 ಕಿಲೋಮೀಟರ್, ಅಂದರೆ ಹೆಚ್ಚುವರಿ ಹಾರಾಟ ಮೂರು ಗಂಟೆಯಷ್ಟೇ. ಪ್ರಯಾಣವನ್ನು ನಿಜವಾಗಿ ಉದ್ದವಾಗಿಸುವುದು ನಡುವಿನ ನಿಲ್ದಾಣದ ಕಾಯುವಿಕೆ. ಟಿಕೆಟ್ ಆರಿಸುವಾಗ ಮೊದಲು ನೋಡಬೇಕಾದದ್ದು ಅದನ್ನೇ.