ಭಾರತ ಉಬ್ಬಿ ಕೆನಡಾ ಬಡಕಲಾಗುವ ಭೂಪಟ

ಪ್ರಪಂಚದ ನೆಲದಲ್ಲಿ ಭಾರತದ ಪಾಲು ಶೇ 2.4, ಜನಸಂಖ್ಯೆಯಲ್ಲಿ ಸುಮಾರು ಶೇ 18. ಮಾಮೂಲಿ ಭೂಪಟದಲ್ಲಿ ಈ ಅಂತರ ಕಾಣುವುದೇ ಇಲ್ಲ. ಜನಸಂಖ್ಯೆಗೆ ತಕ್ಕಂತೆ ದೇಶಗಳ ವಿಸ್ತೀರ್ಣವನ್ನು ಹಿಗ್ಗಿಸಿ ಕುಗ್ಗಿಸಿದ ಭೂಪಟದಲ್ಲಿ, ಅಂದರೆ ಕಾರ್ಟೋಗ್ರಾಮ್‌ನಲ್ಲಿ ಕಾಣುತ್ತದೆ. 2006ರಲ್ಲಿ ಶುರುವಾದ ವರ್ಲ್ಡ್‌ಮ್ಯಾಪರ್ ಜಾಲತಾಣ ಇದನ್ನು ತೋರಿಸಿದ್ದು ಗ್ಯಾಸ್ಟ್‌ನರ್-ನ್ಯೂಮನ್ ವಿಧಾನದಿಂದ. ನಾನು ಬಳಸಿದ್ದು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಾರ್ಟೋಗ್ರಾಮ್ ಪ್ಯಾಕೇಜ್. ಅದರಲ್ಲಿರುವುದು 1985ರ ಡೌಗೆನಿಕ್ ವಿಧಾನ.

ದೇಶಗಳ ಗಡಿಯ ಫೈಲು ನ್ಯಾಚುರಲ್ ಅರ್ಥ್ ಎಂಬ ಉಚಿತ ಭೂಪಟ ಸಂಗ್ರಹದ್ದು. ಅಲ್ಲಿನ ಸಾಮಾನ್ಯ ಫೈಲಿನಲ್ಲಿ ಕಾಶ್ಮೀರ ನಿಯಂತ್ರಣ ರೇಖೆಯಲ್ಲೇ ತುಂಡಾಗಿರುತ್ತದೆ. ಸರ್ವೆ ಆಫ್ ಇಂಡಿಯಾ ನಕ್ಷೆಗೆ ಹೊಂದದ ಗಡಿಯನ್ನು ನಮ್ಮಲ್ಲಿ ಪ್ರಕಟಿಸುವುದು ಅಪರಾಧ. ಹಾಗಾಗಿ 1:1 ಕೋಟಿ ಅಳತೆಯಲ್ಲಿ ಭಾರತದ ನಿಲುವಿನ ಗಡಿಯಿರುವ ಫೈಲನ್ನೇ ಇಳಿಸಿಕೊಂಡು, ಸರ್ವೆ ನಕ್ಷೆಯ ಪಕ್ಕದಲ್ಲಿಟ್ಟು ನೋಡಿದೆ. ಫೈಲು ಭಾರ, ಗಡಿಗಳನ್ನು ಸರಳಗೊಳಿಸುವ ಮ್ಯಾಪ್‌ಶೇಪರ್ ತಂತ್ರಾಂಶದಲ್ಲಿ ಗಡಿಯ ಬಿಂದುಗಳನ್ನು ಶೇ 5ಕ್ಕೆ ಇಳಿಸಿದೆ. ಆಗ ‘ಕೀಪ್-ಶೇಪ್ಸ್’ ಆಯ್ಕೆ ಹಾಕದಿದ್ದರೆ ಸಣ್ಣ ದ್ವೀಪದೇಶಗಳು ಅಳಿಸಿಹೋಗಬಹುದು. ಇದೇ ಕೆಲಸಕ್ಕೆ ಆರ್‌ನಲ್ಲಿರುವ ಎಸ್‌ಟಿ_ಸಿಂಪ್ಲಿಫೈ ಆದೇಶ ಬೇಡವೇ ಬೇಡ. ಅದು ಒಂದೊಂದು ದೇಶವನ್ನೂ ಬೇರೆಯಾಗಿ ಸವರುವುದರಿಂದ ನೆರೆದೇಶಗಳ ನಡುವೆ ಬಿರುಕು ಬೀಳುತ್ತದೆ. ದೇಶ ಉಬ್ಬಿದಾಗ ಬಿರುಕೂ ಉಬ್ಬುತ್ತದೆ.

ಹೆಚ್ಚು ಹೊತ್ತು ಹಿಡಿಯುವುದು ಗಡಿಯ ಫೈಲಿಗೆ ಜನಸಂಖ್ಯೆಯ ಅಂಕಿ ಜೋಡಿಸುವುದಕ್ಕೆ. ವಿಶ್ವಬ್ಯಾಂಕಿನ ಸಿಎಸ್‌ವಿ (ಅಂಕಿಪಟ್ಟಿ) ಫೈಲಿನಲ್ಲಿ ಮೊದಲ 4 ಸಾಲು ಬಿಟ್ಟು ಓದಿಸಬೇಕು. ‘ವರ್ಲ್ಡ್’, ‘ಸೌತ್ ಏಷ್ಯಾ’ ತರಹದ ಒಟ್ಟುಮೊತ್ತದ ಸಾಲುಗಳೂ ದೇಶಗಳ ನಡುವೆಯೇ ಕೂತಿರುತ್ತವೆ. ಹೆಸರಿನಿಂದ ಜೋಡಿಸಬೇಡಿ, ಮೂರಕ್ಷರದ ಕೋಡಿನಿಂದ ಜೋಡಿಸಿ. ಅದರಲ್ಲೂ ಗಡಿ ಫೈಲಿನ ‘ಐಎಸ್ಒ_ಎ3’ ಕಾಲಂ ನಂಬುವಂತಿಲ್ಲ: ಫ್ರಾನ್ಸ್, ನಾರ್ವೆ ಎದುರು ಕೋಡಿನ ಬದಲು -99 ಎಂದಿರುತ್ತದೆ. ಅಂಕಿ ಸಿಗದ ದೇಶವನ್ನು ಪ್ಯಾಕೇಜ್ ಕಿತ್ತುಹಾಕುತ್ತದೆ. ಫ್ರಾನ್ಸ್ ಇರಬೇಕಾದಲ್ಲಿ ಸಮುದ್ರ ಕಾಣುತ್ತದೆ. ‘ಐಎಸ್ಒ_ಎ3_ಇಎಚ್’ ಕಾಲಂ ಬಳಸಿದರೆ ಇವೆರಡೂ ಸರಿಹೋಗುತ್ತವೆ. ಕೊಸೊವೊ ನಿಮ್ಮ ಫೈಲಿನಲ್ಲಿ ಬೇರೆ ದೇಶವಾಗಿದ್ದರೆ ಅದರ ಕೋಡನ್ನು ಕೈಯಾರೆ ತಿದ್ದಬೇಕು. ತೈವಾನ್ ವಿಶ್ವಬ್ಯಾಂಕಿನ ಪಟ್ಟಿಯಲ್ಲೇ ಇಲ್ಲ, ಅಲ್ಲಿನ ಅಂಕಿಯನ್ನು ಬೇರೆ ಕಡೆಯಿಂದ ತಂದು ಸೇರಿಸಬೇಕು.

ಆಮೇಲೆ ಭೂಪಟವನ್ನು ಮೊಲ್‌ವೈಡ್ ಅಥವಾ ಈಕ್ವಲ್ ಅರ್ಥ್ ಪ್ರೊಜೆಕ್ಷನ್‌ಗೆ (ದುಂಡು ಭೂಮಿಯನ್ನು ಸಮತಟ್ಟಾಗಿ ಹರಡುವ ವಿಧಾನ) ಬದಲಿಸಿ. ಎರಡರಲ್ಲೂ ವಿಸ್ತೀರ್ಣ ನಿಜವಾಗಿರುವುದರಿಂದ, ಕಾಣುವ ಹಿಗ್ಗುಕುಗ್ಗು ಅಂಕಿಯದ್ದೇ ಆಗಿರುತ್ತದೆ.

ಪ್ಯಾಕೇಜಿನ ಕಾರ್ಟೋಗ್ರಾಮ್_ಕಾಂಟ್ ಆದೇಶ ಸುತ್ತು ಸುತ್ತಾಗಿ ದೇಶಗಳನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಅದನ್ನು ಓಡಿಸಿದಾಗ ಪ್ರತಿ ಸುತ್ತಿಗೂ ವಿಸ್ತೀರ್ಣದ ಸರಾಸರಿ ದೋಷ ತೆರೆಯ ಮೇಲೆ ಬರುತ್ತದೆ. ಅದು ಇಳಿಯುವುದು ನಿಂತ ಕಡೆ ನಾನೂ ನಿಲ್ಲಿಸುತ್ತೇನೆ. ಸುತ್ತು ಹೆಚ್ಚಿಸುತ್ತಾ ಹೋದರೆ ಗಡಿಗಳು ತಮ್ಮ ಮೇಲೆ ತಾವೇ ಗಂಟು ಹಾಕಿಕೊಳ್ಳುತ್ತವೆ. ಅಮೆರಿಕ-ಕೆನಡಾ ನಡುವಿನ ನೇರ ಗಡಿಯಲ್ಲಿ ಬಿಂದುಗಳು ಕಡಿಮೆ, ಅದು ಬಾಗುವುದಿಲ್ಲ. ಮೊದಲೇ ಎಸ್‌ಟಿ_ಸೆಗ್ಮೆಂಟೈಜ್‌ನಿಂದ ಬಿಂದು ಸೇರಿಸಬೇಕು. ಮುಗಿದ ಮೇಲೆ ದೇಶಗಳ ವಿಸ್ತೀರ್ಣವನ್ನು ಎಸ್‌ಟಿ_ಏರಿಯಾದಿಂದ ಅಳೆಯಿರಿ. ಒಟ್ಟು ವಿಸ್ತೀರ್ಣದಲ್ಲಿ ಭಾರತದ ಪಾಲು ಶೇ 18ರ ಆಸುಪಾಸು ಬರದಿದ್ದರೆ ಮೊದಲು ಜೋಡಣೆಯನ್ನೇ ಅನುಮಾನಿಸಿ.

ವಿಸ್ತೀರ್ಣಕ್ಕೆ ಕೊಡುವುದು ಒಟ್ಟು ಮೊತ್ತ ಮಾತ್ರ. ತಲಾ ಆದಾಯ ಕೊಟ್ಟರೆ ಲಕ್ಸೆಂಬರ್ಗ್ ಭಾರತವನ್ನು ಮೀರಿ ಊದಿಕೊಳ್ಳುತ್ತದೆ, ಆ ಚಿತ್ರಕ್ಕೆ ಅರ್ಥವಿಲ್ಲ. ತಲಾ ಆದಾಯವನ್ನು ಬಣ್ಣದಲ್ಲಿ ತೋರಿಸಿ, ಜನಸಂಖ್ಯೆಯನ್ನು ವಿಸ್ತೀರ್ಣಕ್ಕೆ ಬಿಡಿ.